ಅಪ್ಪನ ಹಾಡಿಗೆ ಐವತ್ತು ವರ್ಷ

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿ ನಾನು ಎರ್ನಾಕುಳಕ್ಕೆ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಕಾಸರಗೋಡಿನ ಕಡೆ ಮೇಷ್ಟರಾಗಿದ್ದ ಅಪ್ಪ ಆಗಲೇ ತೀರಿಕೊಂಡಿದ್ದರು. ಅಮ್ಮ ನನ್ನ ಜೊತೆಗಿದ್ದಳು. ಕಲೂರಿನಲ್ಲಿ ತಾಯಿ ಮಗಳಿಬ್ಬರಿಗೆ ಒಂದು ಬಾಡಿಗೆ ಮನೆ.

ನವೆಂಬರಿನಲ್ಲಿ ಅಲ್ಲಿನ ಕನ್ನಡಿಗರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರುತ್ತಿದ್ದೆವು. ಆ ವರ್ಷ ಬ್ಯಾಂಕಿನವರ ಹೆಂಡತಿಯರು ಭತ್ತ ಕುಟ್ಟುವ ಹಾಡೊಂದನ್ನು ಹಾಡಿದರು. ಜನಪದ ಗೀತೆ ಎಂದು ಸಂಘದ ಕಾರ್ಯದರ್ಶಿ ಹೇಳಿದರು. ನಾನು ಚಪ್ಪಾಳೆ ತಟ್ಟುತ್ತಿದ್ದಾಗ ಅಮ್ಮ ಎದ್ದು ನಿಂತಳು.

"ಅದು ಜನಪದ ಅಲ್ಲ. ನಮ್ಮವರು ಶಾಲೆಯ ಮಕ್ಕಳಿಗೆ ಬರೆದದ್ದು."

ಹಿಂದೆ ಯಾರೋ ನಕ್ಕರು. ಇರಬಹುದು, ಆದರೆ ಬರೆದವರು ಹೋದ ಮೇಲೆ ಹಾಡು ಎಲ್ಲರದೂ ಆಗುತ್ತದಲ್ಲ ಎಂದು ಕಾರ್ಯದರ್ಶಿ ಮೆತ್ತಗೆ ಹೇಳಿದರು. ನನಗೆ ಮುಖ ಎತ್ತಲಾಗಲಿಲ್ಲ. ಅಮ್ಮನ ಸೆರಗು ಹಿಡಿದು ಕೂರಿಸಿದೆ. ವಯಸ್ಸಾಯಿತು, ಏನನ್ನೋ ಏನಕ್ಕೋ ಸೇರಿಸಿಕೊಂಡಿದ್ದಾಳೆ ಎಂದುಕೊಂಡೆ. ಮನೆಗೆ ಬಂದ ಮೇಲೂ ಅವಳನ್ನು ಏನೂ ಕೇಳಲಿಲ್ಲ.

ಎರಡು ವರ್ಷದಲ್ಲಿ ತಿರುವನಂತಪುರಕ್ಕೆ ವರ್ಗವಾಯಿತು. ಪಕ್ಕದ ಮನೆಯಲ್ಲಿ ನಮ್ಮ ಊರಿನ ಕಡೆಯ ವಕೀಲರೊಬ್ಬರಿದ್ದರು. ಒಂದು ಸಂಜೆ ಅಮ್ಮ ನನಗೆ ಹೇಳದೆ ಅವರ ಮನೆಗೆ ಹೋಗಿ ಕುಳಿತಿದ್ದಳು. ನಾನು ಹುಡುಕಿಕೊಂಡು ಹೋದಾಗ ಅವರು ಹೇಳುತ್ತಿದ್ದರು:

"ಬರೆದವರು ತೀರಿಹೋದ ಮೇಲೆಯೂ ಐವತ್ತು ವರ್ಷ ಅದರ ಹಕ್ಕು ಮನೆಯವರಿಗೇ ಉಂಟು, ಅಮ್ಮಾ. ಯಾರದ್ದೂ ಅಲ್ಲ ಅಂತ ಹೇಳುವ ಹಾಗಿಲ್ಲ."

"ಹಕ್ಕು ಗಿಕ್ಕು ನನಗೆ ಬೇಡ. ಹಾಡುವಾಗ ಅವರ ಹೆಸರು ಹೇಳಿದರೆ ಸಾಕು" ಎಂದಳು ಅಮ್ಮ. ಹಾಡು ಯಾವಾಗ ಬರೆದದ್ದು ಎಂದು ಅವರು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಮ್ಮನೇ ಹೇಳಿದಳು.

ಹೈಕೋರ್ಟಿನ ಕೆಲಸಕ್ಕೆ ಎರ್ನಾಕುಳಕ್ಕೆ ಹೋದಾಗ ವಕೀಲರು ಆ ಕಾರ್ಯದರ್ಶಿಯನ್ನು ಕಂಡು ಮಾತಾಡಿದರಂತೆ. ಮುಂದಿನ ನವೆಂಬರಿಗೆ ನಮ್ಮಿಬ್ಬರಿಗೂ ಕರೆ ಬಂತು. ವೇದಿಕೆಯಿಂದ ಅಪ್ಪನ ಹೆಸರು ಹೇಳಿ ಕಾರ್ಯದರ್ಶಿ ಅಮ್ಮನಿಗೆ ಕೈಮುಗಿದರು. ಆಮೇಲೆ, ಅವರ ಮಗಳೇ ಇದ್ದಾರೆ, ಒಂದು ನುಡಿ ಹಾಡಲಿ ಎಂದು ನನ್ನನ್ನು ಕರೆದುಬಿಟ್ಟರು.

ಮೈಕಿನ ಮುಂದೆ ನಿಂತೆ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಹಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ, ನಕ್ಕಿದ್ದರೇ ಒಳ್ಳೆಯದಿತ್ತು. ಕೊನೆಗೆ ಬ್ಯಾಂಕಿನವರ ಹೆಂಡತಿಯೊಬ್ಬರು ಕುಳಿತಲ್ಲಿಂದಲೇ ಮುಂದಿನ ಸಾಲು ಎತ್ತಿಕೊಂಡರು. ಹಾಡು ಮುಗಿಯುವವರೆಗೆ ನಾನು ಸುಮ್ಮನೆ ತುಟಿ ಆಡಿಸುತ್ತಿದ್ದೆ.

ಹಿಂದಿರುಗುವ ರೈಲಿನಲ್ಲಿ ಅಮ್ಮನ ಎದುರು ಕುಳಿತೆ. ಬೈಯಲಿ ಎಂದು ಕಾಯುತ್ತಿದ್ದೆ.

"ನಾನೂ ನಿನಗೆ ಹೇಳಿಕೊಡಲಿಲ್ಲ ಮಗಾ" ಎಂದಳು.