ಇಂಬೆಯ ಎಡಗೈ ಸೊಸೆ

ಫುಸಾಯೆ ಹುಟ್ಟಾ ಎಡಚಿ. ಊಟದ ಕಡ್ಡಿಗಳನ್ನು ಮೊದಲ ಸಲ ಹಿಡಿದ ದಿನವೇ ಅದು ಮನೆಯವರಿಗೆಲ್ಲ ಗೊತ್ತಾಗಿತ್ತು. ತಾಯಿ ಆ ಕೈಗೆ ಹಳೇ ಬಟ್ಟೆ ಸುತ್ತಿ ಗಂಟು ಹಾಕಿದಳು. ಬಟ್ಟೆ ಬಿಚ್ಚಿದ್ದು ಹುಡುಗಿ ಬಲಗೈಯಲ್ಲಿ ಅಕ್ಷರ ತಿದ್ದಲು ಕಲಿತ ಮೇಲೆ. ಗಂಡು ಎಡಚನಾದರೆ ಹೇಗೋ ನಡೆದುಹೋಗುತ್ತದೆ, ಹೆಣ್ಣು ಎಡಚಿಯಾದರೆ ಅವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಆ ಸೀಮೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಿದವರ ಬಲಗೈ ಅದೇನು ಘನಂದಾರಿ ಕೆಲಸ ಮಾಡಿ ತೋರಿಸಿತ್ತೋ ದೇವರಿಗೇ ಗೊತ್ತು.

ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಇಂಬೆ ಎಂಬ ಊರಿನ ಕುಂಬಾರರ ಮನೆಯಿಂದ ಸಂಬಂಧ ಕೂಡಿ ಬಂತು. ಹುಡುಗನ ಹೆಸರು ತಮೊತ್ಸು. ತಿಗರಿಯ ಮುಂದೆ ಕೂತರೆ ಏಳುವವನಲ್ಲ, ಮಾತು ಕಡಿಮೆ. ಹೆಣ್ಣು ನೋಡಲು ಬಂದವರಿಗೆ ಫುಸಾಯೆ ಬಲಗೈಯಲ್ಲೇ ಚಹಾ ಬಗ್ಗಿಸಿ ಕೊಟ್ಟಳು. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಪಕ್ಕದ ಊರಿನಲ್ಲಿ ಇದೇ ವಿಷಯ ಮುಚ್ಚಿಟ್ಟು ಮದುವೆ ಮಾಡಿದರೆಂದು ಒಬ್ಬ ಸೊಸೆಯನ್ನು ಗಂಟುಮೂಟೆ ಸಮೇತ ತವರಿಗೆ ಅಟ್ಟಿದ್ದರು. ಫುಸಾಯೆಗೆ ಆ ಭಯ ಮದುವೆಯ ದಿನದಿಂದಲೇ ಬೆನ್ನು ಹತ್ತಿತ್ತು. ತವರಿನಲ್ಲಿ ಅವಳು ಮಲಗುತ್ತಿದ್ದ ಕೋಣೆಯಲ್ಲಿ ಈಗ ಅತ್ತಿಗೆ ಮತ್ತು ಮಗು ಇದ್ದರು. ಹಿಂದಿರುಗಲು ಜಾಗವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆ ಮಾತು ಕಡಿಮೆಯ ಗಂಡನನ್ನು ಅವಳು ತುಂಬಾ ಮೆಚ್ಚಿಕೊಂಡುಬಿಟ್ಟಿದ್ದಳು.

ಆ ಮನೆಯಲ್ಲಿ ಮಾಡುತ್ತಿದ್ದದ್ದು ದಿನಬಳಕೆಯ ಪಾತ್ರೆಗಳು. ನೀರಿನ ಜಾಡಿ, ಉಪ್ಪಿನಕಾಯಿ ಹಾಕುವ ಭರಣಿ, ಎಲ್ಲಕ್ಕಿಂತ ಹೆಚ್ಚಾಗಿ ಎಳ್ಳು ಅರೆಯುವ ಬೋಗುಣಿ. ಗದ್ದೆಯ ಅಡಿಯಿಂದ ತೆಗೆದ ಜಿಗುಟು ಮಣ್ಣು, ಮೇಲೆ ಹೊಳಪಿನ ಲೇಪವಿಲ್ಲ, ಪೈನ್ ಸೌದೆಯ ಬೆಂಕಿ ಏನು ಬಣ್ಣ ಕೊಟ್ಟರೆ ಅದೇ ಬಣ್ಣ. ಬೋಗುಣಿಯನ್ನು ತಮೊತ್ಸು ತಿರುಗಿಸಿ ಎತ್ತಿದ ಮೇಲೆ, ಮಣ್ಣು ಅರೆಬರೆ ಆರಿದಾಗ, ಎಳ್ಳು ಸಿಕ್ಕಿ ನುರಿಯಲೆಂದು ಒಳಗೆಲ್ಲ ಬಾಚಣಿಗೆಯಿಂದ ಗೀರು ಎಳೆಯಬೇಕು. ಆ ಕೆಲಸ ಅವನ ತಾಯಿ ಇಸೊಳದು. ಸೊಸೆಗೆ ಅದನ್ನು ಕಲಿಸಲು ಹೊರಟ ಇಸೊಗೆ ತಾಳ್ಮೆ ಅನ್ನುವುದು ದೂರದ ನೆಂಟರ ಹಾಗೆ, ಅಪರೂಪಕ್ಕೊಮ್ಮೆ ಬರುತ್ತಿತ್ತು.

"ಏನಮ್ಮಾ, ಬಾಚಣಿಗೆ ಹಿಡಿದಿದೀಯೋ, ಏಡಿ ಹಿಡಿದಿದೀಯೋ?"

"ಕಲೀತಾ ಇದೀನಿ ಅತ್ತೆ."

"ಕಲಿ, ಕಲಿ. ನೀನು ಕಲಿಯೋ ಹೊತ್ತಿಗೆ ನನ್ನ ತಿಥಿ ಊಟನೂ ಮುಗಿದಿರುತ್ತೆ."

ಫುಸಾಯೆ ತುಟಿ ಕಚ್ಚಿಕೊಂಡು ಬಲಗೈಯಲ್ಲೇ ಎಳೆಯುತ್ತಿದ್ದಳು. ಗೀರುಗಳು ಸರಿಯಾಗಿಯೇ ಬೀಳುತ್ತಿದ್ದವು, ಆದರೆ ಕೆಲಸ ಬಸವನ ಹುಳುವಿನ ಹಾಗೆ ಸಾಗುತ್ತಿತ್ತು.

ಆ ವರ್ಷ ಚಳಿಗಾಲಕ್ಕೆ ಮುಂಚೆ, ಇನ್ನೇನು ಪಾತ್ರೆ ಸುಡುವ ಆವಿಗೆ ತುಂಬಬೇಕು ಅನ್ನುವಾಗ, ಇಸೊಳ ತಂಗಿಗೆ ಮೈ ಹುಷಾರಿಲ್ಲವೆಂದು ಸುದ್ದಿ ಬಂತು. ಇಸೊ ಬೆಳಗಿನ ರೈಲು ಹಿಡಿದು ಹೊರಟಳು. ತಮೊತ್ಸು ಸೌದೆ ತರಲು ಗುಡ್ಡಕ್ಕೆ ಹೋದ. ಅಂಗಳದ ಹಲಗೆಗಳ ಮೇಲೆ ಸಾಲುಸಾಲು ಬೋಗುಣಿ, ಜೊತೆಗೆ ಫುಸಾಯೆ ಒಬ್ಬಳೇ. ಊಟದ ಹೊತ್ತಿಗೆ ಒಣಗಾಳಿ ಎದ್ದಿತು. ಅವಳು ಒಂದಕ್ಕೆ ಗೀರು ಎಳೆದು ಮುಗಿಸುವಷ್ಟರಲ್ಲಿ ಅದರ ಪಕ್ಕದ್ದು ಅಂಚಿನಲ್ಲಿ ಬೆಳ್ಳಗಾಗುತ್ತಿತ್ತು. ಪೂರ್ತಿ ಒಣಗಿದ ಮಣ್ಣಿಗೆ ಬಾಚಣಿಗೆ ತಾಗಿಸಿದರೆ ಚಕ್ಕೆ ಏಳುತ್ತದೆ, ಗೀರಿಲ್ಲದ ಬೋಗುಣಿಯನ್ನು ಯಾರೂ ಕೊಳ್ಳುವುದಿಲ್ಲ. ಗಂಡ ಇಡೀ ವಾರ ಪಟ್ಟ ಪಾಡು ನೀರಲ್ಲಿ ಹೋಮವಾಗುವುದರಲ್ಲಿತ್ತು. ಅವಳು ಹೋಗಿ ಹೊರಬಾಗಿಲು ಹಾಕಿ ಬಂದಳು, ಬಾಚಣಿಗೆಯನ್ನು ಎಡಗೈಗೆ ತೆಗೆದುಕೊಂಡಳು.

ಆ ಕೈ ಓಡಿದ ಓಟವೇ ಓಟ. ಎಷ್ಟೋ ವರ್ಷ ಬಾಯಿ ಮುಚ್ಚಿಸಿಕೊಂಡವರು ಒಂದೇ ಸಲಕ್ಕೆ ಮಾತಿಗೆ ಶುರುಮಾಡಿದ ಹಾಗಿತ್ತು. ತಳದಿಂದ ಅಂಚಿಗೆ, ತಳದಿಂದ ಅಂಚಿಗೆ, ಸರ್ ಸರ್ ಎಂದು ಗೀರುಗಳು ಎದ್ದವು. ಬಿಸಿಲು ಇಳಿಯುವ ಮೊದಲೇ ಕೆಲಸ ಮುಗಿಯಿತು. ಮದುವೆಯಾದಾಗಿನಿಂದ ಅವಳು ಅಷ್ಟು ಸಂತೋಷಪಟ್ಟಿರಲಿಲ್ಲ.

ಕೊನೆಯ ಬೋಗುಣಿಯನ್ನು ಅತ್ತೆ ಹಿಂದಿನ ದಿನ ಮಾಡಿಟ್ಟಿದ್ದರ ಪಕ್ಕ ಇಟ್ಟಾಗಲೇ ಅವಳಿಗೆ ವ್ಯತ್ಯಾಸ ಕಂಡದ್ದು. ಅತ್ತೆಯ ಗೀರುಗಳು ಮೇಲೇರುತ್ತಾ ಬಲಕ್ಕೆ ವಾಲಿದ್ದವು. ಇವಳವು ಎಡಕ್ಕೆ. ಒಂದಲ್ಲ, ಎರಡಲ್ಲ, ಆ ಮಧ್ಯಾಹ್ನದವು ಅಷ್ಟೂ. ಏನು ಮಾಡಬೇಕೆಂದು ತೋಚುವ ಮೊದಲೇ ತಮೊತ್ಸು ಸೌದೆ ಗಾಡಿ ಎಳೆದುಕೊಂಡು ಬಂದ.

"ಎಲ್ಲಾ ಮುಗಿಸಿಬಿಟ್ಯಾ? ಅಮ್ಮನಿಗಿಂತ ಚುರುಕು ಕಣೆ ನೀನು," ಎಂದು ಹಲಗೆಗಳನ್ನು ಹೆಗಲಿಗೇರಿಸಿಕೊಂಡು ಒಳಗೆ ನಡೆದೇಬಿಟ್ಟ.

ಬೆಂಕಿ ಏನೇನನ್ನೋ ಬದಲಿಸುತ್ತದೆ, ಇದನ್ನೂ ಮುಚ್ಚಿಹಾಕಬಹುದು ಎಂದು ಫುಸಾಯೆ ತನಗೆ ತಾನೇ ಹೇಳಿಕೊಂಡಳು. ಬೆಂಕಿ ಬಣ್ಣ ಬದಲಿಸುತ್ತದೆ, ಗೀರನ್ನು ಅಳಿಸುವುದಿಲ್ಲ. ಕುಂಬಾರರ ಮನೆಯ ಸೊಸೆಗೆ ಅದು ಗೊತ್ತಿಲ್ಲದ್ದೇನಲ್ಲ. ಆವಿಗೆ ಉರಿಯುವಷ್ಟು ದಿನವೂ ಅವಳು ಗಂಡನಿಗೆ ಬಲಗೈಯಲ್ಲೇ ಸೌದೆ ಎತ್ತಿಕೊಟ್ಟಳು. ಹೇಳಿಬಿಡೋಣವೆಂದು ಹತ್ತಾರು ಸಲ ಅನ್ನಿಸಿತು. ಪ್ರತಿ ಸಲವೂ ಇನ್ನೊಂದು ಸೌದೆ ಎತ್ತಿಕೊಟ್ಟಳು.

ಆವಿಗೆ ಆರಿ, ಬಾಯಿ ತೆಗೆದ ದಿನ, ತಂಗಿಯ ಮನೆಯಿಂದ ಮರಳಿದ್ದ ಇಸೊ ಅಂಗಳದಲ್ಲಿ ಕೂತು ಒಂದೊಂದೇ ಬೋಗುಣಿಯ ಬೂದಿ ಒರೆಸಿ, ಒಳಗೆ ಹೆಬ್ಬೆರಳು ಆಡಿಸುತ್ತಿದ್ದಳು. ಒಂದರಲ್ಲಿ ಬೆರಳು ನಿಂತಿತು. ಸೊಸೆಯ ಕಡೆ ಒಮ್ಮೆ ನೋಡಿ ಅದನ್ನು ಬೇರೆ ಇಟ್ಟಳು. ಮುಂದಿನದನ್ನೂ ಬೇರೆ ಇಟ್ಟಳು. ಬೈದಿದ್ದರೆ ಫುಸಾಯೆ ತಡೆದುಕೊಳ್ಳುತ್ತಿದ್ದಳು. ಒಳಗೆ ಹೋಗಿ ತನ್ನ ಬಟ್ಟೆಗಳಿದ್ದ ಗಂಟನ್ನು ಒಮ್ಮೆ ಮುಟ್ಟಿ ನೋಡಿ ಬಂದಳು.

ಸಂಜೆ ಅಡಿಗೆಮನೆಯಲ್ಲಿ ಬೇಯಿಸಿದ ಪಾಲಕ್ ಸೊಪ್ಪು ಅರೆದ ಎಳ್ಳಿಗಾಗಿ ಕಾದಿತ್ತು. ಇಸೊ ಬೇರೆ ಇಟ್ಟಿದ್ದ ಬೋಗುಣಿಗಳಲ್ಲಿ ಒಂದನ್ನು ತಂದು, ಹುರಿದ ಎಳ್ಳು ಸುರಿದು, ಮರದ ಕೋಲಿನಿಂದ ಅರೆಯತೊಡಗಿದಳು. ಎಡಕ್ಕೆ ವಾಲಿದ ಗೀರಿಗೆ ಬಲಗೈಯ ಸುತ್ತು ಹೊಂದದೆ ಎಳ್ಳು ಜಾರಿ, ಅಂಚು ಹತ್ತಿ ಚಾಪೆಯ ಮೇಲೆ ಉದುರಿತು.

"ಏನಮ್ಮಾ, ಚಾಪೆಗೆ ಉಣ್ಣಿಸ್ತಾ ಇದೀಯಾ?" ತಮೊತ್ಸು ನಕ್ಕ.

"ಇದು ನನ್ನ ಕೈಗೆ ಒಗ್ಗೋ ಬೋಗುಣಿ ಅಲ್ಲ. ಫುಸಾಯೆ, ಬಾ ಇಲ್ಲಿ. ನೀನು ಅರಿ."

ಫುಸಾಯೆ ಬಂದು ಮಂಡಿಯೂರಿ ಕೂತು ಕೋಲನ್ನು ಬಲಗೈಯಲ್ಲಿ ತೆಗೆದುಕೊಂಡಳು.

"ಆ ಕೈಲಲ್ಲ," ಅಂದಳು ಇಸೊ.

ತಮೊತ್ಸುವಿನ ನಗು ನಿಂತಿತು. ಫುಸಾಯೆ ಕೋಲು ಕೆಳಗಿಟ್ಟು ಚಾಪೆಗೆ ಹಣೆ ತಾಗುವಷ್ಟು ಬಗ್ಗಿದಳು. "ಅತ್ತೆ, ನಾನು ಎಡಚಿ. ಮದುವೆಗೆ ಮುಂಚೆನೇ ಹೇಳಬೇಕಿತ್ತು. ಕಳಿಸಿಬಿಡ್ತೀರಿ ಅಂತ ಹೆದರಿ ಹೇಳಲಿಲ್ಲ."

"ಅದನ್ನ ಬೋಗುಣಿನೇ ಹೇಳ್ತು. ನಾನು ನಿನಗೆ ಹೇಳಿದ್ದು ಎಳ್ಳು ಅರಿ ಅಂತ."

ಫುಸಾಯೆ ಕೋಲನ್ನು ಎಡಗೈಗೆ ತೆಗೆದುಕೊಂಡಳು. ಈ ಸಲ ಗೀರುಗಳು ಎಳ್ಳನ್ನು ಹಿಡಿದವು, ಘಮ ಎದ್ದಿತು. ಆದರೆ ಕಣ್ಣು ತುಂಬಿ ಅವಳಿಗೆ ಏನೂ ಕಾಣುತ್ತಿರಲಿಲ್ಲ, ಹಿಡಿಯುವವರಿಲ್ಲದ ಬೋಗುಣಿ ಚಾಪೆಯ ಮೇಲೆ ಗಿರಗಿರ ತಿರುಗುತ್ತಿತ್ತು. ಅರೆಯುವವರಿಗೆ ಇನ್ನೊಬ್ಬರು ಬೋಗುಣಿ ಹಿಡಿದುಕೊಡುವುದು ಎಲ್ಲ ಮನೆಗಳ ರೂಢಿ. ಆ ಮನೆಯಲ್ಲಿ ಅತ್ತೆ ಅರೆಯುತ್ತಿದ್ದಳು, ಸೊಸೆ ಹಿಡಿಯುತ್ತಿದ್ದಳು, ಅದು ಎಂದೂ ತಪ್ಪಿರಲಿಲ್ಲ.

ಇಸೊ ಮಂಡಿಯಲ್ಲೇ ಸರಿದು ಮುಂದೆ ಬಂದಳು, ಎರಡೂ ಕೈಯಿಂದ ಬೋಗುಣಿಯ ಅಂಚನ್ನು ಗಟ್ಟಿಯಾಗಿ ಅಮುಕಿ ಹಿಡಿದಳು.

"ಅಳೋದನ್ನ ಆಮೇಲೆ ಅಳು, ಸೊಪ್ಪು ಆರ್ತಾ ಇದೆ. ನಾನು ಹಿಡ್ಕೊಂಡಿದೀನಿ, ಅರಿ."