ಒಬ್ಬಳೇ ಮಗಳಿಗೆ ಅಣ್ಣ

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ ನಾನು ಮಂಡ್ಯದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲರ್ ಆಗಿದ್ದೆ. ವಂಶವಾಹಿಯ ಕಾಯಿಲೆ ಇರಬಹುದೆಂಬ ಅನುಮಾನ ಬಂದರೆ ಮನೆಯವರ ಜೊತೆ ಮಾತಾಡಿ, ಪರೀಕ್ಷೆಗೆ ಕಳಿಸಿ, ವರದಿ ಬಂದಾಗ ಎದುರು ಕೂತು ಬಿಡಿಸಿ ಹೇಳುವ ಕೆಲಸ. ಮದ್ದೂರಿನಲ್ಲಿರುವ ನಮ್ಮಮ್ಮ ಮಾತ್ರ ಇವತ್ತಿಗೂ "ನನ್ ಮಗ್ಳು ಆಸ್ಪತ್ರೇಲಿ ಮಾತಾಡೋ ಕೆಲ್ಸ ಮಾಡ್ತಾಳೆ" ಅನ್ನುತ್ತಾಳೆ. ಸುಳ್ಳೇನಲ್ಲ.

ಬೆಳಕವಾಡಿಯ ಗಾನವಿಗೆ ಆಗ ಐದು ವರ್ಷ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಬೆಳಿಗ್ಗೆ ಹೇಗೋ ನಡೆಯುತ್ತಿದ್ದಳು. ಸಂಜೆಯಾದರೆ ಕಾಲು ಸೆಟೆದುಕೊಂಡು ಹೆಜ್ಜೆ ಕೀಳಲಾಗುತ್ತಿರಲಿಲ್ಲ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿದೆ, ಇನ್ನು ಇಷ್ಟೇ ಎಂದು ಕಂಡಕಂಡ ಕಡೆ ಹೇಳಿಸಿಕೊಂಡು ಬಂದಿದ್ದರು. ನಮ್ಮ ಡಾಕ್ಟರು ಒಪ್ಪಲಿಲ್ಲ. ನೆಕ್ಸ್ಟ್ ಜನರೇಶನ್ ಸೀಕ್ವೆನ್ಸಿಂಗ್ ಮಾಡಿಸೋಣ ಎಂದರು. ಡಿಎನ್‌ಎಯನ್ನು ಚೂರುಚೂರು ಮಾಡಿ, ಆ ಚೂರುಗಳನ್ನೆಲ್ಲ ಒಟ್ಟೊಟ್ಟಿಗೆ ಓದಿ, ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸಿ ನೋಡುವ ವಿಧಾನ ಅದು. ಮೊದಲು ಒಂದೊಂದೇ ಜೀನ್ ಹಿಡಿದು ಹುಡುಕುತ್ತಿದ್ದೆವು. ಈಗ ಸಾವಿರಾರು ಜೀನ್‌ಗಳನ್ನು ಒಂದೇ ಪರೀಕ್ಷೆಯಲ್ಲಿ ನೋಡಬಹುದು. ಅಪ್ಪ ಅಮ್ಮನ ರಕ್ತವನ್ನೂ ಓದಿದರೆ ಮಗುವಿನ ಜೀನ್‌ನಲ್ಲಿರುವ ತಪ್ಪು ಯಾರ ಕಡೆಯಿಂದ ಬಂತೆಂದು ತಿಳಿಯುತ್ತದೆ. ಹಾಗಾಗಿ ಮಳವಳ್ಳಿಯ ಲ್ಯಾಬಿನಲ್ಲಿ ಮೂವರ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದೆವು.

ಕೆಲವು ವಾರಗಳ ಮೇಲೆ ಅಲ್ಲಿನ ವಿಜ್ಞಾನಿ ಫೋನ್ ಮಾಡಿದ. "ಮೇಡಂ, ಸಿಕ್ತು! ಒಂದೇ ಜೀನ್‌ನಲ್ಲಿ ಎರಡು ತಪ್ಪು. ಮಾತ್ರೆ ಇರೋ ಕಾಯಿಲೆ." ಕೈಕಾಲು ಸರಾಗವಾಗಿ ಆಡಲು ಬೇಕಾದ ಡೋಪಮೈನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಸಾಕಷ್ಟು ತಯಾರಾಗದ ಅಪರೂಪದ ತೊಂದರೆ. ನಾನು ಕುರ್ಚಿ ಬಿಟ್ಟು ಎದ್ದೇ ನಿಂತೆ.

"ಆದ್ರೆ ಒಂದು ತಪ್ಪು ತಾಯಿದು. ಇನ್ನೊಂದು ತಂದೆ ಕಡೆಯಿಂದ ಬರ್ಬೇಕಿತ್ತು, ಅವರ ಸ್ಯಾಂಪಲ್‌ನಲ್ಲಿ ಇಲ್ಲ. ಲೆಕ್ಕದ ಪ್ರಕಾರ ಅವರು ತಂದೆಯೇ ಅಲ್ಲ ಮೇಡಂ. ರಿಪೋರ್ಟಲ್ಲಿ ಹಾಕ್ಲಾ?"

"ಹಾಕಿ ನೋಡಿ, ಅಲ್ಲಿಗೇ ಬಂದು ಕೀಬೋರ್ಡ್ ಕಿತ್ತಾಕ್ತೀನಿ" ಎಂದೆ. ನನ್ನ ಬಾಯಿ ಸ್ವಲ್ಪ ಜೋರು. ಮಗುವಿನ ಡಿಎನ್ಎಗೂ ಆ ರಕ್ತಕ್ಕೂ ಹೋಲಿಕೆ ಎಷ್ಟಿದೆ ಎಂದು ಕೇಳಿದೆ. ಹೆಚ್ಚುಕಡಿಮೆ ಕಾಲು ಭಾಗ ಎಂದ. ತಂದೆಯಾದರೆ ಅರ್ಧ ಇರಬೇಕು. ತಂದೆಯ ಒಡಹುಟ್ಟಿದವರಾದರೆ ಕಾಲು.

ತಾಯಿ ಸವಿತಾ ಮನೆಯ ವಿವರವನ್ನೆಲ್ಲ ನನಗೆ ಹೇಳಿದ್ದಳು: ಗಾನವಿ ಒಬ್ಬಳೇ ಮಗಳು, ಗಂಡ ಮಹೇಶನಿಗೆ ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ, ಅದೇ ಮನೆಯಲ್ಲಿ ಅವನ ಅಣ್ಣ ನಿಂಗೇಗೌಡರ ಸಂಸಾರ. ಮಹೇಶನ ಬದಲು ಅಣ್ಣ ರಕ್ತ ಕೊಟ್ಟಿದ್ದರೆ ಕಾಲು ಭಾಗ ಬರುತ್ತದೆ. ಮಹೇಶನೇ ಕೊಟ್ಟಿದ್ದು, ಮಗು ಅಣ್ಣನದಾಗಿದ್ದರೂ ಕಾಲು ಭಾಗವೇ ಬರುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಸವಿತಾಳಿಗೆ ಒಂದೇ ಅಲ್ಲ. ರಕ್ತ ಕೊಟ್ಟವರು ಯಾರೆಂದು ನಾನು ಫೋನಿನಲ್ಲಿ ಕೇಳಿ, ಪಕ್ಕದಲ್ಲಿದ್ದವರು "ಯಾಕಂತೆ?" ಎಂದರೆ ಅವಳ ಸಂಸಾರ ಅಲ್ಲಿಗೆ ಮುಗಿಯಬಹುದಿತ್ತು. ನನಗೆ ನಿಜಕ್ಕೂ ಭಯವಾಯಿತು.

ತಂದೆಯ ವಿಚಾರ ಇತ್ಯರ್ಥವಾಗುವವರೆಗೆ ಕಾಯದೆ ಡಾಕ್ಟರು ಮಾತ್ರೆ ಶುರು ಮಾಡಿಸಿದರು. ಅದು ಹೇಗೆ ಹಿಡಿಯುತ್ತಿದೆ ನೋಡುವ ನೆಪದಲ್ಲಿ ಮುಂದಿನ ವಾರ ನಾನೇ ಬಸ್ಸು ಹತ್ತಿ ಬೆಳಕವಾಡಿಗೆ ಹೋದೆ.

ಜಗುಲಿಯ ಮೇಲೆ ನಿಂಗೇಗೌಡರು ಅವರೆಕಾಯಿ ಸುಲಿಯುತ್ತಿದ್ದರು. ಗಾನವಿ ಅವರ ತೊಡೆಗೆ ಒರಗಿಕೊಂಡು ಕಾಳು ಕದಿಯುತ್ತಿದ್ದಳು. ಸವಿತಾ ಕಾಫಿ ಕೊಟ್ಟಳು. ಹೇಗೆ ಕೇಳಲಿ ಎಂದು ಲೋಟ ತಿರುಗಿಸುತ್ತಾ ಕೂತೆ. ಸಂಜೆಯಾಯಿತು. ಬೈಕಿನ ಸದ್ದಾಯಿತು.

"ಅಣ್ಣ ಬಂದಾ!"

ಗಾನವಿ ಎದ್ದು, ಗೋಡೆ ಹಿಡಿದುಕೊಂಡು, ಆ ಸಂಜೆ ಹೊತ್ತಿನಲ್ಲಿ ಮೆಟ್ಟಿಲತನಕ ನಡೆದಳು. ಸವಿತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮಾತ್ರ ಆ ಮಾತಿಗೆ ಬೆಚ್ಚಿದೆ. ಒಬ್ಬಳೇ ಮಗಳಿಗೆ ಅಣ್ಣ ಎಲ್ಲಿಂದ ಬಂದ? ಬೈಕಿನಿಂದ ಇಳಿದವನು ಮಹೇಶ.

"ಹಂಗಾದ್ರೆ ನಿಮ್ಮಪ್ಪ ಯಾರು ಪುಟ್ಟಿ?" ಕೇಳಿಬಿಟ್ಟು ನಾಲಿಗೆ ಕಚ್ಚಿಕೊಂಡೆ.

ಅವಳು ತಿರುಗಿ ನಿಂಗೇಗೌಡರತ್ತ ಕೈ ತೋರಿಸಿದಳು. "ಅಗಾ, ನಮ್ಮಪ್ಪ."

ಮನೆಯವರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ಮಹೇಶ.

"ಅವ್ಳು ಅನ್ನೋದೇ ಅಂಗೆ ಮೇಡಂ" ಎಂದಳು ಸವಿತಾ. "ಭಾವ್ನೋರ್ ಮಕ್ಳು ಅಪ್ಪ ಅಂತವೆ, ಇವ್ಳೂ ಅಪ್ಪ ಅಂತಾಳೆ. ನಮ್ ನಾದಿನಿ ಇವ್ರನ್ನ ಅಣ್ಣ ಅಂತಿದ್ಲು, ಅದ್ನೂ ಕಲ್ತ್ಕಂಡ್ಲು."

ನಿಂಗೇಗೌಡರು ಅವರೆಕಾಯಿ ಕೆಳಗಿಟ್ಟರು. "ಅವತ್ತು ಮಳವಳ್ಳೀಲೂ ಇಂಗೇ ಆಯ್ತು ಕಣವ್ವ. ಇವ್ನಿಗೆ ರಜ ಸಿಗ್ಲಿಲ್ಲ, ನಾನೇ ಕರ್ಕಂಡೋಗಿದ್ದೆ. ಸವಿತಾ ಒಳ್ಗೆ ರಕ್ತ ಕೊಡ್ತಿದ್ಲು. ನಿಮ್ಮಪ್ಪ ಯಾರವ್ವ ಅಂತ ಆ ಲ್ಯಾಬ್ನೋನು ಇವ್ಳನ್ನೇ ಕೇಳ್ದ. ನನ್ನ ತೋರ್ಸುದ್ಲು. ಮಗೀಗೆ ರಕ್ತ ಏರುಸ್ತಾರೇನೋ ಅನ್ಕಂಡು ತೋಳು ಮಡಿಸ್ಕಂಡು ಕುಂತ್ಕಂಡೆ. ಚಮಚದಷ್ಟು ತಗಂಡು ಸಾಕು ಅಂದ್ಬುಟ್ಟ! ಏನವ್ವ, ಸಾಲ್ದೆ ಓಯ್ತಾ? ಬೇಕಾದ್ರೆ ಈಗ್ಲೇ ಬತ್ತೀನಿ."

ಮಹೇಶನ ಹೆಸರು ಬರೆದಿಟ್ಟಿದ್ದ ಟ್ಯೂಬಿಗೆ ಗೌಡರ ರಕ್ತ ತುಂಬಿತ್ತು, ಅಷ್ಟೇ! ನಾನು ನಕ್ಕೆ, ನಗುತ್ತಾ ಅತ್ತೂ ಬಿಟ್ಟೆ. "ನಿಮ್ದು ಜಾಸ್ತಿನೇ ಆಯ್ತು ಗೌಡ್ರೇ. ಈಗ ನಿಮ್ ತಮ್ಮನ್ನ ಕಳಿಸಿ ಸಾಕು."

ಬಸ್ ಸ್ಟಾಪಿನವರೆಗೆ ಸವಿತಾ ಜೊತೆಗೆ ಬಂದಳು. "ಬೆಂಗ್ಳೂರ್ನೋರು ಏನಂದಿದ್ರು ಮೇಡಂ?" ಎಂದಳು. ಇನ್ನೊಂದು ಸಲ ರಕ್ತ ಕಳಿಸಲು ಹೇಳಿದರು ಎಂದೆ. ಅವಳು ದಡ್ಡಿಯಲ್ಲ. ನನ್ನ ಕೈ ಹಿಡಿದುಕೊಂಡಳು. "ಫೋನಲ್ ಕೇಳ್ದೆ ಬಂದ್ರಲ್ಲ, ಅಷ್ಟ್ ಸಾಕು ಬುಡಿ."

ಮಹೇಶನ ರಕ್ತದಲ್ಲಿ ಎರಡನೆಯ ತಪ್ಪು ಸಿಕ್ಕಿತು. ಹೋಲಿಕೆ ಅರ್ಧಕ್ಕರ್ಧ ಕೂಡಿಬಂತು. ಕಾಯಿಲೆಯೂ ಖಚಿತವಾಯಿತು.

ಆ ಯಂತ್ರದ ಮೇಲೆ ನನಗೆ ತುಂಬ ಗೌರವವಿದೆ. ಯಾರ ಕೈಗೂ ಸಿಗದ ಕಾಯಿಲೆಯನ್ನು ಅದು ಹಿಡಿದುಕೊಟ್ಟಿತು. ಆದರೆ ಅದು ಹೇಳಿದ್ದನ್ನು ಒಂದು ಮನೆಯೊಳಗೆ ಒಯ್ಯುವ ಮೊದಲು ಆ ಮನೆಯ ಮಾತು ತಿಳಿದಿರಬೇಕು. ಈಗ ಯಾರ ರಕ್ತ ತೆಗೆಸುವುದಿದ್ದರೂ ನನ್ನ ಮೊದಲ ಪ್ರಶ್ನೆ, "ನಿಮ್ಮನೇಲಿ ಯಾರು ಯಾರನ್ನ ಏನಂತ ಕರೀತೀರಿ?"

ಗಾನವಿ ಶಾಲೆಗೆ ಸೇರಿದ ದಿನ ಸವಿತಾ ಫೋನ್ ಮಾಡಿದ್ದಳು. "ಬೆಳಗ್ಗೆನೂ ನಡ್ಕಂಡೇ ಓದ್ಲು, ಸಾಯಂಕಾಲನೂ ನಡ್ಕಂಡೇ ಬಂದ್ಲು ಮೇಡಂ! ಆದ್ರೆ ಮಿಸ್ಸು ಅಪ್ಪನ್ ಎಸ್ರೇನು ಅಂದ್ರೆ ನಿಂಗೇಗೌಡ ಅಂದವ್ಳೆ. ತಿದ್ಲಾ?"

"ಸ್ಕೂಲಲ್ಲಿ ತಿದ್ದಿಸಮ್ಮ" ಎಂದೆ. "ಮನೇಲಿ ಬೇಡ."