ಬರೀ ಟಿಪ್ಪಣಿಯಿದ್ದ ಫೈಲು

ನಮ್ಮ ರೂಸೆ ಊರಿನಲ್ಲಿ ಇಟ್ಟ ಹೆಸರಿಗೆಂದು ವರ್ಷಕ್ಕೊಮ್ಮೆ ಬರುವ ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ; ಬಂದವರನ್ನು ಬೇಡ ಎನ್ನುವಂತೆಯೂ ಇಲ್ಲ. ಹೂವಿನ ಹೆಸರಿಟ್ಟುಕೊಂಡವರ ಹಬ್ಬ ಈಸ್ಟರಿಗೆ ಒಂದು ವಾರ ಮೊದಲು, ಭಾನುವಾರ. ಕೆಳಮನೆಯ ತೆಮೆನುಗಾಳದು ಹೂವಿನ ಹೆಸರೇ; ನೆರೆಯವಳಾದ ನನ್ನನ್ನು ಅವಳು ಚಿಕ್ಕಮ್ಮ ಅನ್ನುತ್ತಾಳೆ. ಅವತ್ತು ಮಧ್ಯಾಹ್ನ ಹನ್ನೆರಡಕ್ಕೆಲ್ಲ ಅವಳ ಮನೆ ತುಂಬಿತ್ತು. ಅವಳ ತಾಯಿ ಮೀನು ಹುರಿಯುತ್ತಿದ್ದಳು. ಹಬ್ಬದವಳು ಮಾತ್ರ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ.

ಪ್ರೋಗ್ರಾಂ ಬರೆಯುವವರ ಸಾಲುಗಳನ್ನು ಓರಣವಾಗಿ ಜೋಡಿಸಿಕೊಡುವ ಸಲಕರಣೆಯೊಂದನ್ನು ಅವಳು ಒಂಬತ್ತು ವರ್ಷದ ಹಿಂದೆ ಹವ್ಯಾಸಕ್ಕೆಂದು ಮಾಡಿ, ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದಳು. ನಾನು ಮೂವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವಳು. ಓರಣದ ಹುಚ್ಚು ನನಗೆ ಗೊತ್ತು. ಆದರೆ ನಮಗೆ ಸಂಜೆ ಐದಕ್ಕೆ ಗಂಟೆ ಹೊಡೆಯುತ್ತಿತ್ತು. ಇವಳಿಗೋ ಲೋಕದ ಮೂಲೆಮೂಲೆಯಿಂದ ದೂರು. ಒಂದು ಭಾನುವಾರವೂ ಅವಳದಾಗಿ ಉಳಿದಿರಲಿಲ್ಲ. ಉಪಕಾರ ಮಾಡಹೋಗಿ ಕೊರಳಿಗೆ ಉರುಳು ಹಾಕಿಕೊಂಡವಳು.

ಈ ಸಲ ಬಿಡುಗಡೆಯ ದಾರಿ ಕಂಡಿತ್ತು. ಅವಳ ಕಚೇರಿಯ ಇಲ್ಕೊ ಸಲಕರಣೆಯನ್ನು ವಹಿಸಿಕೊಳ್ಳಲು ಒಪ್ಪಿದ್ದ. ಅದು ಓಡುತ್ತಲೇ ಕುಸಿದುಬಿದ್ದು ನಿಂತುಹೋಗುತ್ತದೆ ಎಂಬ ದೂರು ಒಂದೂ ಬಾಕಿ ಇರಬಾರದು ಎಂಬುದೊಂದೇ ಅವನ ಷರತ್ತು. ಉಳಿದದ್ದು ಒಂದೇ ಒಂದು. ಫೈಲಿನಲ್ಲಿ ಪ್ರೋಗ್ರಾಮಿನ ಸಾಲೇ ಇಲ್ಲದೆ, ಓದುವವರಿಗೆಂದು ಬರೆದ ಟಿಪ್ಪಣಿ ಮಾತ್ರ ಇದ್ದರೆ ಸಲಕರಣೆ ಬೀಳುತ್ತಿತ್ತು. ಟಿಪ್ಪಣಿಯನ್ನು ಕೆಳಗಿನ ಸಾಲಿಗೆ ಹೊಂದಿಸಹೋಗಿ, ಕೆಳಗೆ ಸಾಲೇ ಸಿಗದೆ ಕಂಗಾಲಾಗುತ್ತಿತ್ತು.

ಅವಳದೊಂದು ಹಟವಿತ್ತು. ಮೊದಲು ದೋಷವನ್ನು ಹಿಡಿದು ತೋರಿಸುವ ಪುಟ್ಟ ಪರೀಕ್ಷೆಯ ಪ್ರೋಗ್ರಾಂ ಬರೆದು, ಸಲಕರಣೆ ಬೀಳುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ರಿಪೇರಿ. ನಾನು ಮೀನಿನ ತಟ್ಟೆ ಹಿಡಿದು ಒಳಹೋದಾಗ ಪರದೆಯ ಮೇಲೆ ಸೋತಿತೆನ್ನುವ ಕೆಂಪು ಹೋಗಿ, ಗೆದ್ದಿತೆನ್ನುವ ಹಸಿರು ಬಂದಿತ್ತು. ಇಲ್ಕೊ ಹೂಕುಂಡ ಹಿಡಿದು ಅವಳ ಬೆನ್ನ ಹಿಂದೆ ನಿಂತಿದ್ದ.

"ಮುಗೀತಲ್ಲ ಅಕ್ಕ! ಕೊಡಿ ಪಾಸ್‌ವರ್ಡು. ಎದ್ದು ಮೀನು ತಿನ್ನಿ, ನಿಮ್ಮಮ್ಮ ಆಗ್ಲೇ ನನ್ನನ್ನ ಎರಡು ಸಲ ಬೈದ್ರು."

ತೆಮೆನುಗಾ ಕುರ್ಚಿ ಹಿಂದೆ ತಳ್ಳಿ ಅರ್ಧ ಎದ್ದಳು. ಮತ್ತೆ ಕೂತಳು.

"ಒಂದ್ನಿಮಿಷ ಇರೋ. ಟಿಪ್ಪಣಿ ಬರೆದೋನು ಕೊನೇಲಿ ಎಂಟರ್ ಒತ್ತದೇ ಇದ್ರೆ?"

"ಅದನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ."

ಅವಳ ಬಾಯಿ ಮುಚ್ಚಿಬಿಡೋಣವೆಂದು ನನ್ನ ಕೈ ತುರಿಸಿತು. ಅವಳು ಇನ್ನೊಂದು ಪರೀಕ್ಷೆ ಬರೆದು ಓಡಿಸಿದಳು. ಕೆಂಪು.

ಇಲ್ಕೊ ಹೂಕುಂಡವನ್ನು ಮೇಜಿನ ಮೇಲಿಟ್ಟ. "ನಂಗಿದು ಜನ್ಮದಲ್ಲಿ ಹೊಳೀತಿರ್ಲಿಲ್ಲ ಅಕ್ಕ. ಇದು ನನ್ನ ಕೈಲಾಗೋ ಕೆಲಸ ಅಲ್ಲ. ನೀವೇ ಇಟ್ಕೊಳ್ಳಿ." ಅಷ್ಟು ಹೇಳಿ ಮೀನಿನ ವಾಸನೆಯ ಕಡೆಗೆ ನಡೆದ.

"ಬಾಯಿ ಮುಚ್ಕೊಂಡಿದ್ರೆ ಇವತ್ತು ಬಿಡುಗಡೆ ಆಗ್ತಿತ್ತಲ್ಲೇ, ಮೂದೇವಿ!" ಎಂದೆ. ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ಆಗ್ತಿತ್ತು ಚಿಕ್ಕಮ್ಮ. ನಾಳೆ ಅವನು ಸಿಕ್ಕಿಹಾಕ್ಕೊಳ್ತಿದ್ದ."

ಹೊರಗೆ ನಗು, ಗ್ಲಾಸುಗಳ ಸದ್ದು, ನಡುವೆ ಅವಳ ತಾಯಿಯ ಕೂಗು: "ತೆಮೆನುಗಾ, ಎಲ್ರೂ ನಿಂಗೇ ಕಾಯ್ತಿದಾರೆ ಕಣೇ!"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗಲಾಟೆ ಜಾಸ್ತಿ ಆಯ್ತು ಚಿಕ್ಕಮ್ಮ. ಬಾಗಿಲು ಹಾಕ್ಕೊಂಡು ಹೋಗ್ತೀರಾ?"

ತಟ್ಟೆಯನ್ನು ಅವಳ ಎಡಗೈ ಬಳಿ ಇಟ್ಟು ಹೊರಬಂದೆ. ಬಾಗಿಲನ್ನು ನಾನೇ ಹಾಕಿದೆ.